ಸಣ್ಣ ಕಾರಿಗೆ ಯಾವ ಪೆಟ್ರೋಲ್?

ಪೆಟ್ರೋಲ್ ಬಂಕುಗಳಲ್ಲಿ ಈಗ ಸಾಧಾರಣ ಪೆಟ್ರೋಲಿನ ಜೊತೆಗೆ ಎಕ್ಸ್‌ಪಿ95, ಎಕ್ಸ್‌ಪಿ100 ಮುಂತಾದ ಹೆಚ್ಚಿನ ಬೆಲೆಯ ಪೆಟ್ರೋಲೂ ಮಾರಾಟಕ್ಕಿದೆ. ಆಲ್ಟೋದಂತಹ ಸಣ್ಣ ಕಾರಿನಲ್ಲಿ ಬಾಳೆಲೆಯಿಂದ ಗೋಣಿಕೊಪ್ಪಕ್ಕೋ ಪೊನ್ನಂಪೇಟೆಗೋ ಓಡಾಡುವ ಬೆಳೆಗಾರರು, ಆಗಾಗ ದುಬಾರಿಯದನ್ನು ಹಾಕಿಸಿದರೆ ಎಂಜಿನ್ನಿಗೆ ಒಳ್ಳೆಯದಲ್ಲವೇ ಎಂದು ಕೇಳುವುದುಂಟು. ಅದರ ಅಗತ್ಯವಿಲ್ಲ.

ಆಕ್ಟೇನ್ ಸಂಖ್ಯೆಯು ಪೆಟ್ರೋಲಿನ ಶಕ್ತಿಯ ಅಳತೆಯಲ್ಲ, ಶುದ್ಧತೆಯ ಅಳತೆಯೂ ಅಲ್ಲ. ಸಿಲಿಂಡರಿನೊಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಅದುಮಿದಾಗ ಅದು ಬಿಸಿಯಾಗುತ್ತದೆ. ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಉರಿ ತಲುಪುವ ಮುನ್ನವೇ ಉಳಿದ ಮಿಶ್ರಣ ತಾನಾಗಿ ಹೊತ್ತಿಕೊಂಡರೆ ಏರುದಾರಿಯಲ್ಲಿ ಕಟಕಟ ಸದ್ದು ಕೇಳಿಸುತ್ತದೆ. ಮೆಕ್ಯಾನಿಕರು ನಾಕಿಂಗ್ ಎನ್ನುವುದು ಇದನ್ನೇ. ಹಾಗೆ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣದ ಅಳತೆಯೇ ಆಕ್ಟೇನ್. ಹೆಚ್ಚು ಒತ್ತಡದ ಎಂಜಿನ್ನಿಗೆ, ಕೆಲವು ಟರ್ಬೋ ಕಾರುಗಳಿಗೆ, ಇದು ಹೆಚ್ಚು ಬೇಕು. ಉಳಿದವಕ್ಕೆ ಹೆಚ್ಚು ಹಾಕಿದರೆ, ಹುಳಿಯಿಲ್ಲದ ಮಣ್ಣಿಗೆ ಸುಣ್ಣ ಹಾಕಿದಂತೆ, ಖರ್ಚು ಮಾತ್ರ.

ಬಿಎಸ್-2 ಕಾಲದಲ್ಲಿ 88 ಇದ್ದ ಸಾಧಾರಣ ಪೆಟ್ರೋಲಿನ ಆಕ್ಟೇನ್ ಬಿಎಸ್-3ರಲ್ಲಿ 91 ಆಯಿತು. ಎಥನಾಲಿನದು 108ರಷ್ಟಿರುವುದರಿಂದ, ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಅದು 95ರ ಸಮೀಪಕ್ಕೆ ಬಂದಿದೆ. ತಮ್ಮ ಕಾರಿನ ಕೈಪಿಡಿಯಲ್ಲಿ 91 ಎಂದಿದ್ದರೆ ಸಾಧಾರಣ ಪೆಟ್ರೋಲೇ ಧಾರಾಳವಾಯಿತು. ಮೈಲೇಜ್ ಕಡಿಮೆಯಾಯಿತೆಂಬ ದೂರು ಸುಳ್ಳಲ್ಲ. ಆದರೆ ಅದಕ್ಕೆ ಆಕ್ಟೇನ್ ಕಾರಣವಲ್ಲ. ಎಥನಾಲಿನಲ್ಲಿ ಲೀಟರಿಗೆ ದೊರೆಯುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಅದಕ್ಕೆ ಹೊಂದಿಸಿ ತಯಾರಿಸದ ಹಳೆಯ ಕಾರುಗಳಲ್ಲಿ ಮೈಲೇಜ್ ನೂರಕ್ಕೆ 6-7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. 95 ಎಂದು ಬರೆದ ಮಾತ್ರಕ್ಕೆ ಆ ಪೆಟ್ರೋಲಿನಲ್ಲಿ ಎಥನಾಲ್ ಇಲ್ಲವೆಂದು ತಿಳಿಯಬಾರದು.

ಕಾರು ಕಟಕಟ ಎನ್ನುತ್ತಿದ್ದರೆ ಮೊದಲು ಪ್ಲಗ್, ರೇಡಿಯೇಟರ್ ನೀರು, ಒಳಗೆ ಕಟ್ಟಿದ ಮಸಿ ಇವನ್ನು ನೋಡಿಸಬೇಕು. ಹಿಂದೆ ಮೆಣಸಿನ ಚೀಲ ಹೇರಿಕೊಂಡು ಮೂರನೇ ಗೇರಿನಲ್ಲೇ ಏರು ಹತ್ತಿಸುವವರ ಕಾರು ಯಾವ ಪೆಟ್ರೋಲಿಗೂ ಸದ್ದು ಮಾಡೀತು.

ನಮ್ಮ ಕಡೆ ನಿಜವಾಗಿ ಗಮನಿಸಬೇಕಾದುದು ಮಳೆಗಾಲವನ್ನು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಮುಚ್ಚಳದ ರಬ್ಬರು ಸವೆದು ಟ್ಯಾಂಕಿಗೆ ನೀರು ಸೇರಿದರೆ, ಒಂದು ಮಿತಿ ದಾಟಿದ ಮೇಲೆ ನೀರೂ ಎಥನಾಲೂ ಕೂಡಿ ತಳಕ್ಕಿಳಿಯುತ್ತವೆ. ಮೇಲುಳಿದ ಪೆಟ್ರೋಲಿನ ಆಕ್ಟೇನ್ ಕುಸಿಯುತ್ತದೆ. ದುಡ್ಡು ಕೊಟ್ಟು ತಂದ ಆಕ್ಟೇನ್ ಹೀಗೆ ಶೆಡ್ಡಿನಲ್ಲೇ ಕಳೆದುಹೋಗುತ್ತದೆ. ಜೂನ್‌ಗೆ ಮುಂಚೆ ಮುಚ್ಚಳದ ರಬ್ಬರನ್ನೂ, 2023ರ ಏಪ್ರಿಲ್‌ಗಿಂತ ಹಿಂದಿನ ಕಾರಾದರೆ ಪೆಟ್ರೋಲ್ ಪೈಪುಗಳನ್ನೂ ಪರೀಕ್ಷೆ ಮಾಡಿಸತಕ್ಕದ್ದು. ವಾರಗಟ್ಟಲೆ ನಿಲ್ಲಿಸುವ ಕಾರಿನ ಟ್ಯಾಂಕು ಅರ್ಧ ಖಾಲಿ ಇರಬಾರದು. ಕಳೆ ಕೊಚ್ಚುವ ಯಂತ್ರಕ್ಕೆಂದು ಕ್ಯಾನಿನಲ್ಲಿಟ್ಟ ಪೆಟ್ರೋಲಿಗೂ ಇದೇ ಎಚ್ಚರಿಕೆ ಬೇಕು; ಕಳೆದ ವರ್ಷದ್ದು ಉಳಿದಿದ್ದರೆ ಕಾರಿಗೆ ಸುರಿಯಬೇಡಿ.