ಹಾಡು ಕೇಳಿ ಚಿತ್ರ ಬರೆಸುವ ಪಾಠ: ಅಂಕ ಯಾವುದಕ್ಕೆ?

ಕಲಾ ಸಮ್ಮಿಳಿತ ಪಾಠ ಯೋಜನೆಗಳಲ್ಲಿ ಒಂದು ಚಟುವಟಿಕೆ ಪದೇ ಪದೇ ಕಾಣುತ್ತದೆ: ‘ಸಂಗೀತ ಆಲಿಸಿ, ಮನಸ್ಸಿಗೆ ಬಂದ ಚಿತ್ರ ಬರೆಯಿರಿ.’ ನಾನು ವೀಕ್ಷಿಸಿದ ಇಂಥ ಪಾಠಗಳಲ್ಲಿ ಬಹುಪಾಲು ಮಕ್ಕಳು ಬರೆದದ್ದು ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲಿ ತೆಂಗಿನ ಮರ. ಕೊಳಲು ಕೇಳಿಸಿದರೂ ಅದೇ, ಡೊಳ್ಳು ಕೇಳಿಸಿದರೂ ಅದೇ. ಐದನೇ ತರಗತಿಯ ಒಂದು ಪಾಠದಲ್ಲಿ ಮಾತ್ರ ಒಬ್ಬ ಹುಡುಗ ಹಾಳೆಯ ತುಂಬ ಬರೀ ಗೆರೆ ಎಳೆದಿದ್ದ. ಡೊಳ್ಳಿನ ಪೆಟ್ಟು ಜೋರಾದಲ್ಲಿ ಗೆರೆ ದಪ್ಪ, ಮೆತ್ತಗಾದಲ್ಲಿ ಸಣ್ಣ. ಅವನಿಗೆ ಐದಕ್ಕೆ ಒಂದು ಅಂಕ ಬಂತು, ತೆಂಗಿನ ಮರಕ್ಕೆ ನಾಲ್ಕು. ಇಡೀ ತರಗತಿಯಲ್ಲಿ ಕೇಳಿದ್ದನ್ನು ಬರೆದವನು ಅವನೊಬ್ಬನೇ. ಪ್ರಶಿಕ್ಷಣಾರ್ಥಿಯ ಉದಾಸೀನ ಇದಕ್ಕೆ ಕಾರಣವಲ್ಲ. ಸಂಗೀತಕ್ಕೂ ಚಿತ್ರಕ್ಕೂ ಯಾವ ಬಗೆಯ ಸಂಬಂಧವನ್ನು ಕಲಿಸುತ್ತಿದ್ದೇವೆ ಎಂಬುದು ಪಾಠ ಯೋಜನೆಯಲ್ಲಿ ಎಲ್ಲಿಯೂ ಇರಲಿಲ್ಲ.

ನಮಗೆ ಥಟ್ಟನೆ ನೆನಪಾಗುವುದು ರಾಗಮಾಲಾ ಚಿತ್ರಗಳು. ಆರು ರಾಗ, ಒಂದೊಂದಕ್ಕೆ ಐದು ರಾಗಿಣಿಯರು, ಒಟ್ಟು 36 ಚಿತ್ರಗಳ ಮಾಲೆ ಸಾಮಾನ್ಯ. ತೋಡಿ ಎಂದರೆ ವೀಣೆ ಹಿಡಿದ ಹೆಣ್ಣು, ಸುತ್ತ ಜಿಂಕೆಗಳು. ಅಸಾವರಿ ಎಂದರೆ ಹಾವುಗಳ ಜೊತೆ ಕುಳಿತವಳು. ನಮ್ಮ ವಿಜಯಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ ‘ಕಿತಾಬ್-ಎ-ನವರಸ್’ನಲ್ಲಿ ಹಾಡುಗಳನ್ನು ರಾಗಗಳ ಹೆಸರಿನಡಿ ಜೋಡಿಸಿದ್ದಲ್ಲದೆ, ಕೆಲವು ರಾಗಗಳ ರೂಪವನ್ನು ಮಾತಿನಲ್ಲೇ ಚಿತ್ರಿಸಿದ್ದಾನೆ. ಗಮನಿಸಬೇಕಾದದ್ದು ಈ ಮಾತನ್ನು. ರಾಗಮಾಲೆಯ ಚಿತ್ರಕಾರರು ಹೆಚ್ಚಾಗಿ ಅನುಸರಿಸಿದ್ದು ಸ್ವರಗಳನ್ನಲ್ಲ. ರಾಗದ ರೂಪ ಹೇಳುವ ಪದ್ಯವನ್ನು, ಹಿಂದಿನವರು ಬರೆದ ಚಿತ್ರಗಳನ್ನು. ಆ ಪದ್ಯ ತಿಳಿಯದ ಮಗು ದಿನವಿಡೀ ತೋಡಿ ಕೇಳಿದರೂ ಜಿಂಕೆ ಬರೆಯಲಾರದು. (ಕರ್ನಾಟಕ ಸಂಗೀತದ ತೋಡಿಯ ಸ್ವರಗಳೇ ಬೇರೆ, ಹಿಂದೂಸ್ತಾನಿ ತೋಡಿಯ ಸ್ವರಗಳೇ ಬೇರೆ. ಜಿಂಕೆಗಳು ಯಾವುದಕ್ಕೆ ಕಿವಿಗೊಟ್ಟವು ಎಂದು ಒಬ್ಬ ಪ್ರಶಿಕ್ಷಣಾರ್ಥಿ ಕೇಳಿದ್ದು ಸರಿಯಾಗಿಯೇ ಇತ್ತು.) ಆದ್ದರಿಂದ ರಾಗಮಾಲೆಯನ್ನು ಪಾಠಕ್ಕೆ ತರುವವರು ಮೊದಲು ಕಥೆ ಹೇಳಬೇಕು.

ಕೇಳಿದ್ದನ್ನೇ ಬರೆಸಬೇಕಾದರೆ ದಾರಿ ಬೇರೆ. ಪಾಲ್ ಕ್ಲೀ ಚಿತ್ರಕಾರ, ಒಳ್ಳೆಯ ಪಿಟೀಲು ವಾದಕನೂ ಹೌದು. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ 1921ರಿಂದ ಕಲಿಸುತ್ತಿದ್ದಾಗ ಬಾಖ್‌ನ ಕೃತಿಯೊಂದರ ಚಿಕ್ಕ ಭಾಗವನ್ನು ಗೆರೆಗಳಾಗಿ ಬರೆದು ವಿದ್ಯಾರ್ಥಿಗಳಿಗೆ ತೋರಿಸಿದ. ಸ್ವರ ಏರಿದರೆ ಗೆರೆ ಮೇಲಕ್ಕೆ, ಹೆಚ್ಚು ಹೊತ್ತು ನಿಂತರೆ ಉದ್ದಕ್ಕೆ. ಇಲ್ಲಿ ಭಾವವನ್ನು ಊಹಿಸಬೇಕಾಗಿಲ್ಲ, ಅಳೆಯಬಹುದು.

ಇದನ್ನು ನಾವು ಸರಳೆ ವರಸೆಯಲ್ಲೇ ಮಾಡಬಹುದು. ‘ಸರಿಗಮಪದನಿಸ’ವನ್ನು ಮೆಟ್ಟಿಲಾಗಿ ಬರೆಯಿರಿ ಎಂದರೆ ಎಲ್ಲರೂ ಸಮನಾದ ಮೆಟ್ಟಿಲು ಬರೆಯುತ್ತಾರೆ. ಆದರೆ ಸರಳೆ ವರಸೆ ಕಲಿಸುವುದು ಮಾಯಾಮಾಳವಗೌಳ ರಾಗದಲ್ಲಿ. ಹಾರ್ಮೋನಿಯಂನ ಕರಿ ಬಿಳಿ ಮನೆಗಳನ್ನೆಲ್ಲ ಬಿಡದೆ ಎಣಿಸಿದರೆ ಸ–ರಿ ಒಂದು ಮನೆ, ರಿ–ಗ ಮೂರು, ಗ–ಮ ಒಂದು, ಮ–ಪ ಎರಡು, ಪ–ದ ಒಂದು, ದ–ನಿ ಮೂರು, ನಿ–ಸ ಒಂದು, ಒಟ್ಟು 12. ಚೌಕುಳಿ ಹಾಳೆಯಲ್ಲಿ ಒಂದು ಮನೆಗೆ ಒಂದು ಚೌಕದ ಎತ್ತರ ಕೊಟ್ಟು ಬರೆಸಿ. ಮೆಟ್ಟಿಲು ಏರುಪೇರಾಗಿ ಬರುತ್ತದೆ. ಈಗ ಹಾಳೆಯನ್ನು ತಲೆಕೆಳಗಾಗಿ ತಿರುಗಿಸಿ: ಅದೇ ಮೆಟ್ಟಿಲು! 1-3-1-2-1-3-1 ಎಂಬುದು ಹಿಂದಿನಿಂದ ಓದಿದರೂ ಅದೇ. ವರ್ಷಗಟ್ಟಲೆ ಹಾಡಿದವರಿಗೂ ಕಿವಿಗೆ ಹೊಳೆಯದ ಸಮಮಿತಿ ಕಣ್ಣಿಗೆ ಒಂದು ಕ್ಷಣದಲ್ಲಿ ಸಿಗುತ್ತದೆ. ಹಾಡಲು ಬಾರದ, ಚಿತ್ರ ಬಿಡಿಸಲೂ ಬಾರದ ಮಗು ಇದನ್ನು ಮೊದಲು ಕಂಡುಹಿಡಿಯಬಹುದು. ನನಗೆ ಈ ಚಟುವಟಿಕೆ ಇಷ್ಟವಾಗಲು ಅದೇ ಕಾರಣ.

ಹಾಗಾದರೆ ಭಾವಕ್ಕೆ ಜಾಗವಿಲ್ಲವೇ? ಇದೆ. 1911ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಶೋನ್‌ಬರ್ಗ್‌ನ ಸಂಗೀತ ಕೇಳಿದ ಕಾಂಡಿನ್ಸ್ಕಿ ಹಳದಿಯ ಮಹಾಪೂರದ ನಡುವೆ ಪಿಯಾನೋದ ಕಪ್ಪು ಆಕಾರ ಬರೆದ. ಆ ಹಳದಿ ಅವನದು. ಪಕ್ಕದಲ್ಲಿ ಕುಳಿತವರಿಗೆ ನೀಲಿ ಕಾಣಬಹುದಿತ್ತು. ಇಂಥ ಪಾಠದಲ್ಲಿ ಅಂಕ ಬೇಡ. ಬಣ್ಣ ಏಕೆ ಎಂದು ಮಗುವಿನ ಬಾಯಲ್ಲಿ ಕೇಳಿ, ವೀಕ್ಷಣಾ ಪುಸ್ತಕದಲ್ಲಿ ಬರೆದುಕೊಂಡರೆ ಸಾಕು.

ಮುಂದಿನ ಬೋಧನಾಭ್ಯಾಸಕ್ಕೆ ಮೋಹನ ರಾಗವನ್ನೂ ಜೊತೆಗಿಟ್ಟುಕೊಳ್ಳಿ. ಸ ರಿ ಗ ಪ ದ ಸ: 2-2-3-2-3. ಹಾಳೆ ತಿರುಗಿಸಿದಾಗ ಈ ಮೆಟ್ಟಿಲು ಏಕೆ ಹೊಂದುವುದಿಲ್ಲ ಎಂದು ಮಕ್ಕಳೇ ಹೇಳಲಿ.