ಕಚೇರಿಯೊಳಗಣ ಹಸುರು

ಒಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರವನ್ನೂ ಮತ್ತೊಂದು ಮಗ್ಗುಲಲ್ಲಿ ಸಹ್ಯಾದ್ರಿಯ ಸಾಲುಗಳನ್ನೂ ಪಡೆದು, ಕಾಳಿ ಮತ್ತು ಗಂಗಾವಳಿಗಳ ಅಳಿವೆಗಳ ನಡುವೆ ಹಬ್ಬಿರುವ ಕಾರವಾರ, ಅಂಕೋಲೆಗಳ ಜನರಿಗೆ ಗಿಡಮರಗಳ ಸಹವಾಸದ ಮಹಿಮೆಯನ್ನು ಹೇಳಹೊರಡುವುದು ಅನಾವಶ್ಯಕವೆಂದು ಮೇಲ್ನೋಟಕ್ಕೆ ತೋರಬಹುದು. ಅಂಗಳದಲ್ಲಿ ತುಳಸಿಕಟ್ಟೆ, ಹಿತ್ತಿಲಲ್ಲಿ ತೆಂಗು ಮತ್ತು ಮಾವು, ಹೆಂಗಳೆಯರ ಮುಡಿಯಲ್ಲಿ ಅಬ್ಬಲಿಗೆ, ಇವು ಇಲ್ಲಿಯ ಬಾಳಿನಲ್ಲಿ ಸಹಜವಾಗಿ ಬೆರೆತುಹೋಗಿವೆ. ಆದರೆ ಅಂಥ ಮನೆಯಿಂದ ಬೆಳಗ್ಗೆ ಹೊರಟವರು ಹಗಲಿನ ಬಹುಭಾಗವನ್ನು ಕಳೆಯುವುದು ಕಡತಗಳ ಕಪಾಟು, ಕಂಪ್ಯೂಟರಿನ ಪರದೆ ಮತ್ತು ಬರಿಗೋಡೆಗಳ ನಡುವೆ. ಕಾರವಾರವು ಜಿಲ್ಲೆಯ ಆಡಳಿತಕೇಂದ್ರವಾದುದರಿಂದ ಇಂಥ ಕೋಣೆಗಳಲ್ಲಿ ದುಡಿಯುವವರ ಸಂಖ್ಯೆ ಅಲ್ಲಿ ಸಣ್ಣದಲ್ಲ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ, ಅದರ ಬಹುಪಾಲು ಸುರಿಯುವ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಲ್ಲಂತೂ, ಎರಚಲಿಗೆ ಹೆದರಿ ಕಿಟಕಿಗಳನ್ನು ಮುಚ್ಚಿಕೊಂಡು ವಿದ್ಯುದ್ದೀಪದ ಕೆಳಗೆ ಕುಳಿತವನಿಗೆ ಹೊರಗಿನ ಹಸುರೆಲ್ಲ ಇದ್ದೂ ಇಲ್ಲದಂತೆಯೇ ಸರಿ. ಆದಕಾರಣ ಕೆಲಸದ ಸ್ಥಳದಲ್ಲಿ ಗಿಡಗಳನ್ನಿರಿಸಿಕೊಳ್ಳುವುದರಿಂದ ಆಗುವ ಪ್ರಯೋಜನವೇನು ಎಂಬುದನ್ನು ಉತ್ಪ್ರೇಕ್ಷೆಯಿಲ್ಲದೆ ತಿಳಿದುಕೊಳ್ಳುವುದು ಯುಕ್ತವಾಗಿದೆ.

ಗಿಡವು ಕೋಣೆಯ ಗಾಳಿಯನ್ನು ಶುದ್ಧಮಾಡುತ್ತದೆಂಬುದು ಇಂದು ಅತ್ಯಂತ ಪ್ರಚಲಿತವಾಗಿರುವ ನಂಬಿಕೆ. ಇದಕ್ಕೆ ಮೂಲವಾದುದು ಅಮೆರಿಕದ ನಾಸಾ ಸಂಸ್ಥೆಗಾಗಿ ಬಿ. ಸಿ. ವುಲ್ವರ್ಟನ್ ಎಂಬ ವಿಜ್ಞಾನಿಯು ನಡೆಸಿ 1989ರಲ್ಲಿ ಪ್ರಕಟಿಸಿದ ಪ್ರಯೋಗ; ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ಗಿಡಗಳನ್ನಿರಿಸಿ ನೋಡಿದಾಗ, ಬಣ್ಣ, ಅಂಟು ಮೊದಲಾದುವುಗಳಿಂದ ಹೊಮ್ಮುವ ಬೆಂಜೀನ್, ಫಾರ್ಮಾಲ್ಡಿಹೈಡ್‌ಗಳಂಥ ಅನಿಲಗಳ ಪ್ರಮಾಣವು ತಗ್ಗಿದುದು ಅಲ್ಲಿ ಕಂಡುಬಂದಿತು. ಆದರೆ ಬಾಗಿಲು ಕಿಟಕಿಗಳುಳ್ಳ ಕಚೇರಿಯು ಮುಚ್ಚಿದ ಪೆಟ್ಟಿಗೆಯಲ್ಲ. ಇಂಥ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಅಮೆರಿಕದ ಸಂಶೋಧಕರಿಬ್ಬರು, ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿಯು ಮಾಡುವಷ್ಟು ಶುದ್ಧೀಕರಣವನ್ನು ಗಿಡಗಳಿಂದಲೇ ಮಾಡಿಸಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡಗಳು ಬೇಕಾಗುವುವೆಂದು 2019ರಲ್ಲಿ ತೋರಿಸಿಕೊಟ್ಟರು. ಆದ್ದರಿಂದ ಶುದ್ಧವಾದ ಗಾಳಿ ಬೇಕಾದವರು ಮಳೆ ಬಿಟ್ಟ ಹೊತ್ತಿನಲ್ಲಿ ಕಿಟಕಿ ತೆರೆಯಬೇಕು. ಆ ಕೆಲಸವನ್ನು ಕುಂಡದ ಮೇಲೆ ಹೊರಿಸುವುದು ತಪ್ಪು. ರಾತ್ರಿಯ ವೇಳೆ ಗಿಡವು ಪ್ರಾಣವಾಯುವನ್ನು ಕಸಿದುಕೊಳ್ಳುವುದೆಂಬ ಭಯವೂ ಅಷ್ಟೇ ನಿರಾಧಾರವಾದುದು; ಕುಂಡದ ಗಿಡವೊಂದರ ಉಸಿರಾಟವು ಪಕ್ಕದಲ್ಲಿ ಕುಳಿತ ಒಬ್ಬ ಮನುಷ್ಯನ ಉಸಿರಾಟದ ಮುಂದೆ ಗಣನೆಗೇ ಬಾರದು.

ನಿಜವಾದ ಲಾಭವಿರುವುದು ಕಣ್ಣಿಗೆ ಮತ್ತು ಮನಸ್ಸಿಗೆ. ರೋಜರ್ ಉಲ್ರಿಚ್ ಎಂಬ ವಿದ್ವಾಂಸನು 1984ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರ ಪೈಕಿ, ಕಿಟಕಿಯಿಂದ ಮರಗಳನ್ನು ಕಾಣುತ್ತಿದ್ದವರು ಇಟ್ಟಿಗೆಯ ಗೋಡೆಯನ್ನು ಮಾತ್ರ ಕಾಣುತ್ತಿದ್ದವರಿಗಿಂತ ಬೇಗನೆ ಮನೆಗೆ ತೆರಳಿದರು; ಅವರಿಗೆ ಬೇಕಾದ ತೀವ್ರವಾದ ನೋವುಶಾಮಕಗಳೂ ಕಡಮೆ. ಕಚೇರಿಗಳನ್ನೇ ಕುರಿತು ನೆದರ್ಲೆಂಡ್ಸ್ ಮತ್ತು ಬ್ರಿಟನ್ನುಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವು, ಬರಿದಾಗಿದ್ದ ಕೋಣೆಗಳಿಗೆ ಗಿಡಗಳನ್ನು ತಂದಿರಿಸಿದ ಮೇಲೆ ಕೆಲಸದ ಪ್ರಮಾಣವು ಶೇಕಡ 15ರವರೆಗೆ ವೃದ್ಧಿಯಾಗಬಹುದೆಂದು ಸೂಚಿಸಿತು. ಇಂಥ ಪರಿಣಾಮದ ಕಾರಣವನ್ನು ಮನಶ್ಶಾಸ್ತ್ರಜ್ಞರಾದ ರೇಚಲ್ ಮತ್ತು ಸ್ಟೀಫನ್ ಕಾಪ್ಲನ್ ದಂಪತಿಗಳು ಹೀಗೆ ವಿವರಿಸಿದ್ದಾರೆ: ಲೆಕ್ಕಪತ್ರದಲ್ಲಿ ಬಲವಂತವಾಗಿ ನೆಡುವ ಅವಧಾನವು ಸ್ವಲ್ಪ ಹೊತ್ತಿನಲ್ಲಿಯೇ ದಣಿಯುತ್ತದೆ, ಎಲೆ, ಮೋಡ, ಹರಿಯುವ ನೀರು ಇವುಗಳ ಮೇಲೆ ದೃಷ್ಟಿಯು ಪ್ರಯತ್ನವಿಲ್ಲದೆ ನಿಲ್ಲುವುದರಿಂದ ಆ ದಣಿದ ಶಕ್ತಿಗೆ ವಿಶ್ರಾಂತಿ ದೊರೆತು ಅದು ಮರಳಿ ಚೇತರಿಸಿಕೊಳ್ಳುತ್ತದೆ. ಮೇಜಿನ ಅಂಚಿನಲ್ಲಿ ಗಾಜಿನ ಬಾಟಲಿಯಲ್ಲಿ ಬೆಳೆದ ಮನಿಪ್ಲಾಂಟಿನ ಬಳ್ಳಿಯನ್ನೇ ನೋಡಿರಿ: ನೀರಿನಲ್ಲಿ ಇಳಿಬಿದ್ದ ಬಿಳಿಯ ಬೇರು, ಗೆಣ್ಣಿನ ಬಳಿ ಸುರುಳಿ ಬಿಚ್ಚುತ್ತಿರುವ ಎಳೆಯ ಎಲೆ, ಅದರ ಮೇಲಿನ ಹಳದಿಯ ಗೆರೆ, ಇಷ್ಟನ್ನು ನೋಡುವಷ್ಟರಲ್ಲಿ ಅಂಕೆಗಳಿಂದ ಬಳಲಿದ ಕಣ್ಣಿಗೆ ಹಾಯೆನಿಸುತ್ತದೆ.

ನೋಡುವುದಕ್ಕಿಂತಲೂ ಪೋಷಿಸುವುದು ಮಿಗಿಲಾದುದು ಎಂಬುದಕ್ಕೆ ಅಂಕೋಲೆಯ ನೆಲದಲ್ಲಿಯೇ ಶ್ರೇಷ್ಠವಾದ ನಿದರ್ಶನವಿದೆ. ಹೊನ್ನಳ್ಳಿ ಗ್ರಾಮದ ಹಾಲಕ್ಕಿ ಒಕ್ಕಲಿಗ ಸಮಾಜದ ತುಳಸಿ ಗೌಡ ಅವರಿಗೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರವೇ ಕೆಲಸದ ಸ್ಥಳವಾಗಿದ್ದಿತು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ತಾಯಿಯೊಡನೆ ದಿನಗೂಲಿಗೆ ನರ್ಸರಿಗೆ ಹೋಗತೊಡಗಿದ ಅವರು, ಮಣ್ಣು ಮತ್ತು ಗೊಬ್ಬರ ತುಂಬಿದ ಚೀಲಗಳಲ್ಲಿ ಬೀಜವೂರಿ, ನೀರೆರೆದು, ಕಳೆ ಕಿತ್ತು ದಶಕಗಳ ಕಾಲ ಸಸಿಗಳನ್ನು ಸಲಹಿದರು. ಶಾಲೆಯ ಮೆಟ್ಟಿಲನ್ನೇರದ ಈ ತಾಯಿಯು ಯಾವ ಜಾತಿಯ ಬೀಜವನ್ನು ಯಾವ ಕಾಲದಲ್ಲಿ, ಯಾವ ತಾಯಿಮರದಿಂದ ಸಂಗ್ರಹಿಸಬೇಕೆಂಬುದನ್ನು ಬಲ್ಲವರಾಗಿದ್ದುದರಿಂದ ಜನರು ಅವರನ್ನು ಕಾಡಿನ ವಿಶ್ವಕೋಶವೆಂದೇ ಕರೆದರು. 2020ರ ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ಹಾಲಕ್ಕಿ ಉಡುಗೆಯಲ್ಲಿ, ಬರಿಗಾಲಿನಲ್ಲಿ ನಡೆದು ಬಂದ ಅವರನ್ನು ದೇಶವೇ ಕಂಡಿತು. 2024ರ ಡಿಸೆಂಬರ್ 16ರಂದು ಅವರು ಕಾಲವಶರಾದರು. ಅವರ ಜ್ಞಾನವು ಗ್ರಂಥದಿಂದ ಬಂದುದಲ್ಲ, ನಿತ್ಯವೂ ಗಿಡವನ್ನು ಮುಟ್ಟಿ ಆರೈಕೆಮಾಡಿದುದರಿಂದ ಬಂದುದು. ಕಚೇರಿಯ ಗುಮಾಸ್ತನಿಗೆ ಅಷ್ಟು ದೊಡ್ಡ ಸಾಧನೆ ಸಾಧ್ಯವಾಗದಿದ್ದರೂ, ಒಂದು ಜೀವವು ತನ್ನ ಕೈಯ ನೀರಿನಿಂದ ಬೆಳೆಯುತ್ತಿದೆಯೆಂಬ ತೃಪ್ತಿಯು ಅವನಿಗೂ ದೊರೆಯತಕ್ಕದ್ದೇ.

ಪೋಷಣೆಗೆ ತಿಳಿವಳಿಕೆ ಬೇಕು. ಮಂದವಾದ ಬೆಳಕಿನಲ್ಲಿ ಮನಿಪ್ಲಾಂಟ್, ಸ್ನೇಕ್ ಪ್ಲಾಂಟ್‌ಗಳು ಬಾಳುತ್ತವೆ. ತುಳಸಿ, ದಾಸವಾಳ, ಕ್ರೋಟನ್‌ಗಳಿಗೆ ಬಿಸಿಲು ಬೇಕಾದುದರಿಂದ ಅವು ಜಗುಲಿಗೆ ಮೀಸಲು. ಒಳಗಿನ ಗಿಡಗಳು ಬಾಡುವುದು ಬಹುಮಟ್ಟಿಗೆ ನೀರು ಹೆಚ್ಚಾಗಿ ಬೇರು ಕೊಳೆಯುವುದರಿಂದ. ಆರ್ದ್ರತೆ ತುಂಬಿದ ಇಲ್ಲಿಯ ಮಳೆಗಾಲದಲ್ಲಿ ಬೆರಳನ್ನು ಮಣ್ಣಿಗಿಳಿಸಿ, ಒಣಗಿದೆಯೆಂದು ತಿಳಿದ ಮೇಲೆಯೇ ನೀರೆರೆಯಬೇಕು. ಕಡಲಿನ ಕಡೆಯ ಕಿಟಕಿಯಲ್ಲಿರುವ ಎಲೆಗಳ ಮೇಲೆ ಉಪ್ಪಿನಂಶ ಕೂರುವುದರಿಂದ ಆಗಾಗ ಒದ್ದೆಬಟ್ಟೆಯಿಂದ ಒರೆಸಬೇಕು. ಕುಂಡದ ಕೆಳಗಿನ ತಟ್ಟೆಯಲ್ಲಿಯೂ ಬಾಟಲಿಯಲ್ಲಿಯೂ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ಉಜ್ಜಿ ತೊಳೆಯದಿದ್ದರೆ ಡೆಂಗೆ ಹರಡುವ ಸೊಳ್ಳೆಗೆ ನಾವೇ ಮನೆಮಾಡಿಕೊಟ್ಟಂತಾಗುತ್ತದೆ. ಡಿಫೆನ್‌ಬೇಕಿಯ ಎಂಬ ಅಲಂಕಾರದ ಗಿಡದ ಎಲೆಯನ್ನು ಅಗಿದರೆ ಬಾಯಿ ನಾಲಗೆಗಳು ಉರಿದು ಊದಿಕೊಳ್ಳುವುದರಿಂದ ಮಕ್ಕಳು ಬಂದುಹೋಗುವೆಡೆಗಳಲ್ಲಿ ಅದನ್ನಿಡಲಾಗದು. ಆವರಣದಲ್ಲಿ ಜಾಗವಿದ್ದರೆ ಉಪ್ಪುಗಾಳಿಯನ್ನು ತಾಳಬಲ್ಲ ಸುರಹೊನ್ನೆಯನ್ನೋ ಹೊಂಗೆಯನ್ನೋ ನೆಡುವುದು ಉತ್ತಮ. ಸಸಿಗಳಿಗಾಗಿ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಿವೆ, ಕಾಡಿನಿಂದ ಕಿತ್ತು ತರುವ ಅಗತ್ಯವಿಲ್ಲ.

ಎಲ್ಲರ ಗಿಡವು ಯಾರ ಗಿಡವೂ ಅಲ್ಲದಾಗುವುದು ಸಾರ್ವಜನಿಕ ಕಚೇರಿಗಳ ಸಾಮಾನ್ಯ ವ್ಯಾಧಿ. ಉದ್ಘಾಟನೆಯ ದಿನ ಸಾಲಾಗಿ ಬಂದ ಕುಂಡಗಳು ಬೇಸಗೆಯ ರಜೆ ಮುಗಿಯುವಷ್ಟರಲ್ಲಿ ಒಣಗಿದ ಕಡ್ಡಿಗಳಾಗಿರುವುದನ್ನು ಕಾಣದವರು ವಿರಳ. ಆದಕಾರಣ ಕಚೇರಿಗಳ ಮುಖ್ಯಸ್ಥರಲ್ಲಿ ನನ್ನ ವಿನಂತಿಯಿಷ್ಟೆ: ಕುಂಡಗಳನ್ನು ತರಿಸುವುದಕ್ಕೆ ಮುಂಚೆ ಪ್ರತಿಯೊಂದು ಗಿಡಕ್ಕೂ ಒಬ್ಬ ಪೋಷಕನನ್ನು ಗೊತ್ತುಮಾಡಿರಿ, ಅವನು ರಜೆ ಹೋದಾಗ ನೀರೆರೆಯುವವರಾರೆಂಬುದನ್ನೂ ನಿಶ್ಚಯಿಸಿರಿ, ಹತ್ತು ಗಿಡಗಳನ್ನು ತಂದು ಒಣಗಿಸುವುದಕ್ಕಿಂತ ಎರಡನ್ನು ತಂದು ಬೆಳೆಸುವುದೇ ಮೇಲು.