ಗಣಕಯಂತ್ರದ ಅಪ್‌ಡೇಟ್: ಬೇಕೋ, ಬೇಡವೋ?

ತಿಂಗಳ ಎರಡನೆಯ ಮಂಗಳವಾರ ಕಳೆದು ಬುಧವಾರ ಬೆಳಗಾಯಿತೆಂದರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಸಹಕಾರ ಸಂಘಗಳ ಕಚೇರಿಗಳಲ್ಲಿ, ಪಹಣಿ ತೆಗೆದುಕೊಡುವ ಅಂಗಡಿಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ ಒಂದೇ ಬಗೆಯ ಮಾತು ಕೇಳಿಬರುತ್ತದೆ. "ಸಿಸ್ಟಂ ಅಪ್‌ಡೇಟ್ ಆಗ್ತಾ ಅದೆ, ಒಸಿ ಕೂತ್ಕಳಿ." ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿರುತ್ತದೆ, ಶೇಕಡಾ 30 ಎಂದು ತೋರಿಸಿ ಅಲ್ಲಿಯೇ ನಿಂತಿರುತ್ತದೆ, ಯಂತ್ರವನ್ನು ಆರಿಸಕೂಡದು ಎಂಬ ಎಚ್ಚರಿಕೆ ಬೇರೆ. ಸಾಲ ಕಟ್ಟಲು ಬೆಟ್ಟದ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದ ಸದಸ್ಯರಿಗೆ ಮಧ್ಯಾಹ್ನದ ಬಸ್ಸೂ ತಪ್ಪುತ್ತದೆ. ಕೋಪ ಬರುವುದು ಸಹಜವೇ.

ಈ ವಿಷಯವಾಗಿ ನಮ್ಮ ಪತ್ರಿಕೆಗೆ ಬಂದ ದೂರುಗಳು ಒಂದೆರಡಲ್ಲ. ಹಿರಿಯ ಸದಸ್ಯರೊಬ್ಬರು ನೇರವಾಗಿ ಕೇಳಿದರು: "ಚೆನ್ನಾಗಿ ನಡೆಯೋ ಎತ್ತಿಗೆ ತಿಂಗಳು ತಿಂಗಳು ಲಾಳ ಬದಲಾಯಿಸೋದು ಯಾವ ಊರ ನ್ಯಾಯ ಸ್ವಾಮಿ?" ಗುಂಡ್ಲುಪೇಟೆಯ ಅಂಗಡಿಕಾರರೊಬ್ಬರು ತಮ್ಮ ಯಂತ್ರದಲ್ಲಿ ಅಪ್‌ಡೇಟನ್ನೇ ಬಂದ್ ಮಾಡಿಸಿಟ್ಟಿರುವುದಾಗಿ ಹೆಮ್ಮೆಯಿಂದ ಹೇಳಿದರು. ಕಚೇರಿಗಳ ಗುಮಾಸ್ತರ ಮಾತು ಬೇರೆ ತೆರನಾದದ್ದು. ಅಪ್‌ಡೇಟ್ ಆದ ಮರುದಿನ ಪ್ರಿಂಟರ್ ಮುಷ್ಕರ ಹೂಡುತ್ತದೆ, ನುಡಿಯಲ್ಲಿ ಬೆರಳಚ್ಚು ಮಾಡಿದ ಹಳೆಯ ಕಾಗದಗಳು ತೆರೆದರೆ ಅಕ್ಷರ ಕಲಸಿಹೋಗಿರುತ್ತವೆ ಎಂಬುದು ಅವರ ಅಳಲು. ಹೀಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಿರುವಾಗ ವಿಷಯವನ್ನು ಸ್ವಲ್ಪ ವಿವರವಾಗಿ ಸದಸ್ಯರ ಮುಂದಿಡುವುದು ಯೋಗ್ಯವೆಂದು ನಮಗೆ ತೋರಿತು.

ಗಣಕಯಂತ್ರದ ಎಲ್ಲ ಕೆಲಸಗಳಿಗೂ ಬುನಾದಿಯಾಗಿ ಒಂದು ತಂತ್ರಾಂಶವಿರುತ್ತದೆ. ಅದನ್ನು ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ನಮ್ಮ ಕಡೆ ಬಹುಪಾಲು ಕಚೇರಿಗಳಲ್ಲಿರುವುದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್. ಲಕ್ಷಾಂತರ ಸಾಲುಗಳ ಈ ಬರವಣಿಗೆಯಲ್ಲಿ ಅಲ್ಲಲ್ಲಿ ಬಿರುಕುಗಳು ಉಳಿದುಬಿಡುತ್ತವೆ. ಕಳ್ಳರು ಹುಡುಕುವುದು ಇಂಥ ಬಿರುಕುಗಳನ್ನೇ. ಕಂಪನಿಯವರು ತಮಗೆ ಗೊತ್ತಾದ ಬಿರುಕುಗಳಿಗೆ ತೇಪೆ ಸಿದ್ಧಪಡಿಸಿ ತಿಂಗಳ ಎರಡನೆಯ ಮಂಗಳವಾರ ಹೊರಬಿಡುತ್ತಾರೆ. ಅಮೆರಿಕದ ಹಗಲು ನಮಗೆ ರಾತ್ರಿಯಾದ್ದರಿಂದ ಅದು ನಮ್ಮ ಯಂತ್ರಗಳಿಗೆ ಮುಟ್ಟುವುದು ಬುಧವಾರ. ತೇಪೆ ಹೊರಬಿತ್ತೆಂದರೆ ಬಿರುಕು ಎಲ್ಲಿತ್ತೆಂಬುದು ಕಳ್ಳನಿಗೂ ತಿಳಿದಂತೆಯೇ. ಅಲ್ಲಿಂದ ಮುಂದೆ ತೇಪೆ ಹಾಕಿಕೊಳ್ಳದವನ ಮನೆಯೇ ಅವನ ಗುರಿ. ಎತ್ತಿನ ಲಾಳದ ಹೋಲಿಕೆ ಇಲ್ಲಿ ಸಲ್ಲದಿರುವುದು ಈ ಕಾರಣಕ್ಕೆ.

ಇದೆಲ್ಲ ದೂರದ ಬೆಂಗಳೂರು, ಬೊಂಬಾಯಿಯ ಮಾತು ಎಂದು ಯಾರಾದರೂ ತಿಳಿದಿದ್ದರೆ 2017ರ ಮೇ ತಿಂಗಳನ್ನು ನೆನಪಿಸಬೇಕಾಗುತ್ತದೆ. ಗುಂಡ್ಲುಪೇಟೆಯಿಂದ ಮದ್ದೂರು ಚೆಕ್‌ಪೋಸ್ಟ್, ಮೂಲೆಹೊಳೆ ದಾಟಿ ಸುಲ್ತಾನ್ ಬತ್ತೇರಿಯ ಮೇಲೆ ಹೋದರೆ ಸಿಗುವ ವಯನಾಡು ನಮ್ಮಂತೆಯೇ ಕಾಫಿ, ಅಡಿಕೆ ನಂಬಿದ ನಾಡು. ಅಲ್ಲಿನ ತರಿಯೋಡು ಗ್ರಾಮ ಪಂಚಾಯಿತಿಯ ಸಿಬ್ಬಂದಿ ಮೇ 15ರ ಸೋಮವಾರ ಬೆಳಿಗ್ಗೆ ಕಚೇರಿ ತೆರೆದು ನೋಡಿದಾಗ ನಾಲ್ಕು ಗಣಕಯಂತ್ರಗಳಲ್ಲಿದ್ದ ಕಡತಗಳಿಗೆಲ್ಲ ಯಾರೋ ಬೀಗ ಹಾಕಿದ್ದರು. 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೊಟ್ಟರೆ ಬೀಗ ತೆಗೆಯುವುದಾಗಿ ಪರದೆಯ ಮೇಲೆ ಬರೆದಿತ್ತು. ಅದೇ ವಾರ ಆಂಧ್ರಪ್ರದೇಶದ ಪೊಲೀಸ್ ಕಚೇರಿಗಳ ಯಂತ್ರಗಳಿಗೂ, ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಿಗೂ ಇದೇ ಗತಿಯಾಯಿತು. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಯಂತ್ರಗಳು ಕೆಟ್ಟವು. ವಾನಾಕ್ರೈ ಎಂಬುದು ಆ ಪಿಡುಗಿನ ಹೆಸರು.

ಇಲ್ಲಿ ಗಮನಿಸಬೇಕಾದದ್ದು ತಾರೀಖುಗಳನ್ನು. ಆ ಬಿರುಕಿಗೆ ತೇಪೆಯನ್ನು ಮೈಕ್ರೋಸಾಫ್ಟ್ ಹೊರಬಿಟ್ಟದ್ದು 2017ರ ಮಾರ್ಚ್ 14ರಂದು. ಪಿಡುಗು ಹರಡಲು ಶುರುವಾದದ್ದು ಮೇ 12ರಂದು. ನಡುವೆ ಹೆಚ್ಚುಕಡಿಮೆ ಎರಡು ತಿಂಗಳ ಕಾಲಾವಕಾಶವಿತ್ತು. ಕೆಟ್ಟ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7 ಇದ್ದವೆಂದು ಆಮೇಲೆ ತಿಳಿದುಬಂತು. ಅಂದರೆ ತೀರ ಹಳೆಯ ಯಂತ್ರಗಳೇನಲ್ಲ, ಪುಕ್ಕಟೆಯಾಗಿ ಬರುತ್ತಿದ್ದ ತೇಪೆಯನ್ನು ಹಾಕಿಕೊಳ್ಳದೆ ಬಿಟ್ಟವು. ಮುಂಗಾರಿಗೆ ಮುಂಚೆ ಬೋರ್ಡೋ ಸಿಂಪಡಿಸದೆ ಬಿಟ್ಟ ಅಡಿಕೆ ತೋಟಕ್ಕೆ ಆಷಾಢದಲ್ಲಿ ಏನಾಗುತ್ತದೆಂದು ನಮ್ಮ ಓದುಗರಿಗೆ ನಾವು ಹೇಳಬೇಕಾಗಿಲ್ಲ. ಮೈಲುತುತ್ತ, ಸುಣ್ಣ ಎರಡೂ ಕೊಟ್ಟಿಗೆಯಲ್ಲೇ ಇದ್ದು, ಮಳೆ ಹಿಡಿದ ಮೇಲೆ ಮರ ಹತ್ತುವ ಆಳಿಗಾಗಿ ಹುಡುಕಿದಂತಾಯಿತು ಕಥೆ.

ವಾನಾಕ್ರೈಯನ್ನು ಬಲ್ಲವರು ಹುಳುವೆಂದು ಕರೆಯುತ್ತಾರೆ. ಯಾರೂ ಏನನ್ನೂ ಒತ್ತದಿದ್ದರೂ ಒಂದೇ ಜಾಲದಲ್ಲಿರುವ ಒಂದು ಯಂತ್ರದಿಂದ ಇನ್ನೊಂದಕ್ಕೆ ಅದು ತಾನಾಗಿಯೇ ಹರಿಯಿತು. ಕಾಫಿ ಬೆಳೆಗಾರರಿಗೆ ಇದು ಬೇಗ ಅರ್ಥವಾದೀತು. ಕಾಯಿಕೊರಕ ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದು 1990ರಲ್ಲಿ, ಬಂಡೀಪುರದ ಕಾಡಿನಾಚೆ ಗೂಡಲೂರಿನ ಕಡೆ. ಒಬ್ಬರು ಕೊಯ್ಲಿನಲ್ಲಿ ಗಿಡದ ಮೇಲೆ, ನೆಲದ ಮೇಲೆ ಬಿಟ್ಟ ಹಣ್ಣಿನಿಂದ ಪಕ್ಕದವರ ತೋಟವೂ ಹಾಳಾಯಿತು. ಅಪ್‌ಡೇಟ್ ಬಂದ್ ಮಾಡಿಸಿಕೊಂಡ ಅಂಗಡಿಕಾರರು ತಮ್ಮ ಯಂತ್ರ ತಮ್ಮ ಇಷ್ಟ ಎನ್ನಬಹುದು. ಆದರೆ ಅವರ ಪೆನ್‌ಡ್ರೈವ್ ನಮ್ಮ ಸದಸ್ಯರ ಜೇಬಿನಲ್ಲಿ ಕುಳಿತು ಸಂಘದ ಕಚೇರಿಗೂ ಬರುತ್ತದೆ.

ಹಾಗಾದರೆ ಅಪ್‌ಡೇಟಿನಿಂದ ಕೆಡುಕೇ ಇಲ್ಲವೇ? ಉಂಟು, ಗುಮಾಸ್ತರ ಅಂಜಿಕೆ ಸುಳ್ಳಲ್ಲ. 2021ರ ಜುಲೈಯಲ್ಲಿ ಪ್ರಿಂಟರ್ ಭಾಗದ ಒಂದು ದೊಡ್ಡ ಬಿರುಕಿಗೆ ಮೈಕ್ರೋಸಾಫ್ಟ್ ತುರ್ತಾಗಿ ತೇಪೆ ಬಿಟ್ಟಾಗ ಕೆಲವು ಬಗೆಯ ಪ್ರಿಂಟರ್‌ಗಳು ನಿಂತೇಹೋದವು, ಅದನ್ನು ಸರಿಪಡಿಸಲು ಮತ್ತೊಂದು ತೇಪೆ ಬೇಕಾಯಿತು. 2024ರ ಜುಲೈ 19ರದ್ದಂತೂ ಎಲ್ಲರಿಗೂ ನೆನಪಿರಬೇಕು. ಅಂದು ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ತಂತ್ರಾಂಶದ ಕಂಪನಿ ಕಳುಹಿಸಿದ ಒಂದು ದೋಷದ ಕಡತದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಳಿತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅದು ವಿಂಡೋಸಿನ ಸ್ವಂತ ಅಪ್‌ಡೇಟ್ ಆಗಿರಲಿಲ್ಲವಾದರೂ ಜನ ಹಾಗೆ ವಿಂಗಡಿಸಿ ನೋಡುವುದಿಲ್ಲ. "ನೋಡಿ, ನಾವು ಹೇಳಿರಲಿಲ್ಲವೇ" ಎಂದು ಅಪ್‌ಡೇಟ್ ವಿರೋಧಿಗಳು ಎದೆ ತಟ್ಟಿಕೊಂಡರು.

ಅದಾಗಿ ಹನ್ನೆರಡೇ ದಿನಕ್ಕೆ ಇನ್ನೊಂದು ನಡೆಯಿತು. ವಿಮಾನದ ಸುದ್ದಿಯಷ್ಟು ಅದು ಪ್ರಚಾರವಾಗಲಿಲ್ಲ, ಆದರೆ ನಮ್ಮಂಥವರಿಗೆ ಇದೇ ಮುಖ್ಯ. ಸಣ್ಣ ಸಹಕಾರಿ ಬ್ಯಾಂಕುಗಳಿಗೂ ಗ್ರಾಮೀಣ ಬ್ಯಾಂಕುಗಳಿಗೂ ಗಣಕ ಸೇವೆ ಒದಗಿಸುವ ಸಿ-ಎಡ್ಜ್ ಎಂಬ ಕಂಪನಿಯ ವ್ಯವಸ್ಥೆಗೆ ಸುಲಿಗೆಕೋರರು ನುಗ್ಗಿದರು. ಜುಲೈ 31ರಂದು ರಾಷ್ಟ್ರೀಯ ಪಾವತಿ ನಿಗಮದವರು ಉಳಿದ ಬ್ಯಾಂಕುಗಳಿಗೆ ತಗುಲೀತೆಂದು ಆ ಕಂಪನಿಯ ಸಂಪರ್ಕವನ್ನೇ ಕಡಿದುಹಾಕಿದರು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಎ.ಟಿ.ಎಂ.ನಿಂದ ಹಣ ತೆಗೆಯುವುದಾಗಲಿ, ಯುಪಿಐ ಮೂಲಕ ಕಳುಹಿಸುವುದಾಗಲಿ ಆಗದಂತಾಗಿ, ಮರುದಿನ ಆಗಸ್ಟ್ 1ರಂದು ಸಂಪರ್ಕ ಮರಳಿತು. ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆಯವರು ಇದನ್ನು ಜಾಲಾಡಿ ವರದಿ ಬರೆದರು. ಅದರ ಪ್ರಕಾರ ಕಳ್ಳರು ನುಗ್ಗಿದ್ದು ಆ ಕಂಪನಿಯೊಡನೆ ವ್ಯವಹಾರವಿದ್ದ ಬೇರೊಂದು ಸಂಸ್ಥೆಯ ಸರ್ವರ್ ಮೂಲಕ, ಅದರಲ್ಲಿದ್ದ ಜೆಂಕಿನ್ಸ್ ಎಂಬ ತಂತ್ರಾಂಶದ ಬಿರುಕಿನಿಂದ. ಆ ಬಿರುಕಿಗೆ ತೇಪೆ ಅದೇ ವರ್ಷದ ಜನವರಿಯಲ್ಲಿಯೇ ಬಂದಿತ್ತು!

ಒಂದೇ ತಿಂಗಳಲ್ಲಿ ಒಂದು ಕಡೆ ಆತುರದ ಅಪ್‌ಡೇಟಿನಿಂದ ಆದ ಅನಾಹುತ, ಇನ್ನೊಂದು ಕಡೆ ಮಾಡದ ಅಪ್‌ಡೇಟಿನಿಂದ ಆದದ್ದು. ಎರಡನ್ನೂ ತೂಗಿ ನೋಡಿದರೆ ನಮ್ಮ ಅಭಿಪ್ರಾಯ ಇಷ್ಟು: ಮೊದಲನೆಯದರಲ್ಲಿ ಯಂತ್ರ ನಿಂತಿತೇ ಹೊರತು ಲೆಕ್ಕ ಕಳುವಾಗಲಿಲ್ಲ, ಬಲ್ಲವರೊಬ್ಬರು ಪ್ರತಿ ಯಂತ್ರದ ಮುಂದೆ ಕುಳಿತು ಆ ಕಡತವನ್ನು ಅಳಿಸಿದರೆ ಅದು ಎದ್ದಿತು. ಎರಡನೆಯ ಬಗೆಯದರಲ್ಲಿ ಹೋದದ್ದು ಮರಳಿ ಬಂದೀತೆಂಬ ಭರವಸೆಯಿಲ್ಲ. ಸದಸ್ಯರ ಷೇರು, ಸಾಲ, ಅಡಿಕೆ ತೂಕದ ಚೀಟಿ ಎಲ್ಲವೂ ಈಗ ಯಂತ್ರದೊಳಗೇ ಇವೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು ಕೇಂದ್ರ ಸಚಿವ ಸಂಪುಟ 2022ರ ಜೂನ್ 29ರಂದು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟ ಮೇಲೆ ಹಳೆಯ ಕೆಂಪು ಬಟ್ಟೆಯ ಖಾತೆ ಪುಸ್ತಕಗಳು ಅಟ್ಟ ಸೇರುತ್ತಾ ಬಂದಿವೆ. ಇನ್ನು ಬಡ್ಡಿಯಿಲ್ಲದ ಬೆಳೆ ಸಾಲದ ರಿಯಾಯಿತಿ ನಿಂತಿರುವುದು ವಾಯಿದೆಯೊಳಗೆ ಕಟ್ಟುವುದರ ಮೇಲೆ. ವಾಯಿದೆಯ ಕೊನೆಯ ದಿನ ಲೆಕ್ಕದ ಕಡತಕ್ಕೆ ಬೀಗ ಬಿದ್ದಿದ್ದರೆ ಮೂರು ಎಕರೆಯ ಬೆಳೆಗಾರ ಯಾರ ಬಳಿ ಹೋಗಿ ನ್ಯಾಯ ಕೇಳುವುದು?

ಈಗ ಮುಖ್ಯ ತಾಪತ್ರಯಕ್ಕೆ ಬರೋಣ. ನಮ್ಮ ಕಡೆ ಹಲವು ಕಚೇರಿ, ಅಂಗಡಿಗಳಲ್ಲಿರುವ ವಿಂಡೋಸ್ 10ಕ್ಕೆ ಪುಕ್ಕಟೆ ತೇಪೆ ಕೊಡುವುದನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಯಂತ್ರ ಅಂದಿನಿಂದ ನಿಂತೇನೂ ಹೋಗಲಿಲ್ಲ, ಎಂದಿನಂತೆಯೇ ನಡೆಯಿತು. ಜನ ಮೋಸಹೋಗುವುದೂ ಅಲ್ಲಿಯೇ. ಮನೆಬಳಕೆಯವರಿಗೆ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ, ಹೆಸರು ನೋಂದಾಯಿಸಿಕೊಂಡರೆ ತೇಪೆ ಕೊಡುವುದಾಗಿ ಕಂಪನಿ ಹೇಳಿತು. ಕಚೇರಿ, ವ್ಯಾಪಾರದವರಿಗಾದರೆ ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್, ಆಮೇಲೆ ವರ್ಷ ವರ್ಷಕ್ಕೆ ಅದು ಇಮ್ಮಡಿ ಎಂದು ದರ ಕಟ್ಟಿತು. ಮುಂದಿನ ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿ.ಪಿ.ಎಂ. ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದೋ ಅದಕ್ಕೂ ಈಚಿನದೋ ಆಗಿರಬೇಕು. ಚೆನ್ನಾಗಿಯೇ ನಡೆಯುತ್ತಿರುವ ಯಂತ್ರವನ್ನು ಒಂದು ಚಿಪ್ಪಿಗಾಗಿ ಮೂಲೆಗೆ ಸರಿಸಿ ಹೊಸದು ಕೊಳ್ಳಿ ಎನ್ನುವುದು ಸಣ್ಣ ಸಂಘಗಳಿಗೆ ಅನ್ಯಾಯವೇ ಸರಿ, ಇದನ್ನು ಹೇಳಲು ನಮಗೆ ಸಂಕೋಚವಿಲ್ಲ. ಆದರೆ ಅನ್ಯಾಯವೆಂದು ಬೈದರೆ ಕಳ್ಳ ನಿಲ್ಲುವುದಿಲ್ಲವಲ್ಲ.

ಹಳೆಯ ಯಂತ್ರವನ್ನು ತೂಕಕ್ಕೆ ಹಾಕಬೇಕಾಗಿಲ್ಲ. ನುಡಿಯ ಹಳೆಯ ಕಾಗದಪತ್ರಗಳಿಗೋ, ಯಾವುದೋ ಹಳೆಯ ಪ್ರಿಂಟರಿಗೋ ಅದು ಬೇಕಿದ್ದರೆ ಇರಲಿ. ಇಂಟರ್‌ನೆಟ್ ತಂತಿ ಮಾತ್ರ ಕಿತ್ತಿಡತಕ್ಕದ್ದು, ಕಂಡಕಂಡವರ ಪೆನ್‌ಡ್ರೈವ್ ಅದಕ್ಕೆ ಚುಚ್ಚಕೂಡದು. ಪುಕ್ಕಟೆಯಾಗಿ ಸಿಗುವ ಲಿನಕ್ಸ್ ಹಾಕಿಸಿಕೊಂಡು ಪತ್ರ ಬರೆಯಲು ಬಳಸುವವರೂ ಇದ್ದಾರೆ. ಕಡಮೆ ಹಣಕ್ಕೆಂದು ಕದ್ದ ವಿಂಡೋಸ್ ಹಾಕಿಸಿಕೊಳ್ಳುವುದನ್ನು ಮಾತ್ರ ನಾವು ಒಪ್ಪುವುದಿಲ್ಲ. ಅದನ್ನು ಹಾಕಿಕೊಡುವವರು ಸಾಮಾನ್ಯವಾಗಿ ಅಪ್‌ಡೇಟನ್ನು ಕಟ್ಟಿಹಾಕಿಯೇ ಕೊಡುತ್ತಾರೆ, ಬಾಗಿಲಿಗೆ ಅಗಳಿಯೇ ಇಲ್ಲದ ಮನೆ ಕೊಂಡಂತೆ.

ಕೆಲಸದ ನಡುವೆ ಯಂತ್ರ ತಾನಾಗಿ ಮರುಚಾಲನೆಯಾಗುವ ಕಾಟಕ್ಕೆ ಪರಿಹಾರ ಸುಲಭವಾಗಿದ್ದರೂ ಬಹಳ ಮಂದಿ ಬಳಸುವುದಿಲ್ಲ. ಕಚೇರಿಯ ವೇಳೆ ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆ ಎಂದು ಸೆಟ್ಟಿಂಗ್ಸ್‌ನಲ್ಲಿ ಗುರುತು ಮಾಡಿಟ್ಟರೆ ಆ ಹೊತ್ತಿನಲ್ಲಿ ಅದು ತಾನಾಗಿ ಮರುಚಾಲನೆಯಾಗದು. ಸಾಲ ವಸೂಲಿಯ ಕೊನೆಯ ವಾರವಾದರೆ ಅಪ್‌ಡೇಟನ್ನು ಒಂದು ವಾರ ಮುಂದೂಡುವ ಗುಂಡಿಯೂ ಉಂಟು. ಹೀಗೆ ಕೆಲವು ದಿನ ತಡೆದು, ಬೇರೆಯವರಿಗೆ ತೊಂದರೆಯಾಯಿತೇ ಎಂದು ನೋಡಿ ಹಾಕಿಕೊಳ್ಳುವುದರಲ್ಲಿ ತಪ್ಪಿಲ್ಲ. ತಿಂಗಳುಗಟ್ಟಲೆ ಮುಂದೂಡುವುದು ಬೇರೆ ಮಾತು. ಸಂಜೆ ಬಾಗಿಲು ಹಾಕುವ ಮುನ್ನ ಲೆಕ್ಕದ ಪ್ರತಿಯೊಂದನ್ನು ಬೇರೆ ಡಿಸ್ಕಿಗೆ ಇಳಿಸಿ, ಅದನ್ನು ಯಂತ್ರದಿಂದ ಕಳಚಿ ಬೀರುವಿನಲ್ಲಿ ಇಟ್ಟು ಹೋಗುವುದು ಎಲ್ಲಕ್ಕಿಂತ ಮೇಲು. ಯಂತ್ರಕ್ಕೆ ಚುಚ್ಚಿಯೇ ಬಿಟ್ಟ ಡಿಸ್ಕಿಗೂ ಕಳ್ಳ ಬೀಗ ಹಾಕಬಲ್ಲ.

ಮೊಬೈಲಿನ ವಿಷಯ ಒಂದು ಮಾತು. ಈಚೆಗೆ ಕಿಸಾನ್ ಸಮ್ಮಾನದ ಹೆಸರಿನಲ್ಲೋ, ಬ್ಯಾಂಕಿನ ಕೆ.ವೈ.ಸಿ. ಹೆಸರಿನಲ್ಲೋ "ಅಪ್‌ಡೇಟ್ ಮಾಡಿಕೊಳ್ಳಿ" ಎಂದು ವಾಟ್ಸಾಪಿನಲ್ಲಿ ಎ.ಪಿ.ಕೆ. ಕಡತಗಳು ಹರಿದಾಡುತ್ತಿವೆ. ಅಪ್‌ಡೇಟ್ ಒಳ್ಳೆಯದೆಂದು ನಾವು ಬರೆದದ್ದನ್ನು ಓದಿ ಯಾರೂ ಅವುಗಳನ್ನು ಒತ್ತಬೇಡಿ. ನಿಜವಾದ ಅಪ್‌ಡೇಟ್ ಫೋನಿನ ಸೆಟ್ಟಿಂಗ್ಸ್‌ನಲ್ಲೋ ಪ್ಲೇ ಸ್ಟೋರ್‌ನಲ್ಲೋ ಸಿಗುತ್ತದೆಯೇ ಹೊರತು ವಾಟ್ಸಾಪಿನ ಗುಂಪಿನಲ್ಲಿ ಬರುವುದಿಲ್ಲ. ಹಣ ಹೋಯಿತೆಂದು ತಿಳಿದ ಕೂಡಲೇ 1930ಕ್ಕೆ ಫೋನ್ ಮಾಡುವುದು, ಮಾರನೆಯ ದಿನ ನೋಡೋಣ ಎನ್ನಬಾರದು.

ಸಂಘದ ಕಚೇರಿಯ ಎರಡು ಹಳೆಯ ಯಂತ್ರಗಳನ್ನು ಬದಲಿಸುವ ವಿಷಯ ಮುಂದಿನ ಸರ್ವಸದಸ್ಯರ ಸಭೆಗೆ ಬರಲಿದೆ. "ದುಡ್ಡು ದಂಡ" ಎನ್ನುವವರೂ, "ಬೇಕೇ ಬೇಕು" ಎನ್ನುವವರೂ ಈಗಾಗಲೇ ಎರಡು ಪಕ್ಷವಾಗಿದ್ದಾರೆ. ದರಪಟ್ಟಿಗಳು ಕಾರ್ಯದರ್ಶಿಯವರ ಮೇಜಿನ ಮೇಲಿವೆ, ಸದಸ್ಯರು ಕಚೇರಿ ವೇಳೆಯಲ್ಲಿ ಬಂದು ನೋಡಬಹುದು. ಎರಡನೆಯ ಮಂಗಳವಾರದ ಮರುದಿನ ಮಾತ್ರ ಬೆಳಿಗ್ಗೆ ಹನ್ನೊಂದರ ಮೇಲೆ ಬಂದರೆ ಅನುಕೂಲ.